ಪೋರ್ಚುಗಲ್‌ನ ಹಡಿಲು ತೋಟದಲ್ಲಿ ನೀರು ಹುಡುಕಿದ್ದು

ಹಳೇ ತೋಟ ಕೊಂಡವರು ಸಾಮಾನ್ಯವಾಗಿ ಮೊದಲು ಮನೆ ರಿಪೇರಿಗೆ ಕೈ ಹಾಕುತ್ತಾರೆ. ಇಲ್ಲದಿದ್ದರೆ ನರ್ಸರಿಗೆ ಹೋಗಿ ಹೊಸ ಗಿಡ ತಂದು ನೆಡುತ್ತಾರೆ. ನಾವು ಎರಡನ್ನೂ ಬದಿಗಿಟ್ಟು ನೀರು ಹುಡುಕಿದೆವು. ಹಳಬರು ನೀರನ್ನು ಎಲ್ಲಿಂದ ತಂದು ಎಲ್ಲಿಗೆ ಬಿಡುತ್ತಿದ್ದರು ಅಂತ ಗೊತ್ತಾದರೆ ಸಾಕು, ಯಾವ ಗೋಡೆ ಯಾಕಿದೆ, ಯಾವ ಮರ ಅಲ್ಲೇ ಯಾಕಿದೆ ಅನ್ನುವುದು ಒಂದೊಂದಾಗಿ ತಿಳಿಯುತ್ತದೆ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ತೋಟ ಇರುವುದು ಪೋರ್ಚುಗಲ್‌ನ ಒಳನಾಡಿನಲ್ಲಿ, ಫುಂದಾಂವ್ ಊರಿನ ಕಡೆ, ಗಾರ್ದುನ್ಯಾ ಬೆಟ್ಟದ ಇಳಿಜಾರಿನಲ್ಲಿ. ಚೆರಿ ಹಣ್ಣಿಗೆ ಹೆಸರಾದ ಸೀಮೆ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆಂದು ಲಿಸ್ಬನ್‌ಗೆ ಬಂದವರು. ಅಲ್ಲಿಂದ ಈ ಕಡೆ ಬಂದಾಗಲೆಲ್ಲ ಪಾಳುಬಿದ್ದ ತೋಟಗಳು ಕಣ್ಣಿಗೆ ಬೀಳುತ್ತಿದ್ದವು. 1960ರ ದಶಕದಲ್ಲಿ ಇಲ್ಲಿನ ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಫ್ರಾನ್ಸಿಗೆ ಹೋದರು. ಒಂದು ಕಡೆ ಬಡತನ, ಇನ್ನೊಂದು ಕಡೆ ಆಫ್ರಿಕಾದ ವಸಾಹತುಗಳಲ್ಲಿ 1961ರಿಂದ 1974ರವರೆಗೆ ನಡೆದ ಯುದ್ಧ. ಸೇನೆಗೆ ಸೇರಲೇಬೇಕಾಗುತ್ತದೆ ಅಂತ ಎಷ್ಟೋ ಹುಡುಗರು ರಾತ್ರೋರಾತ್ರಿ ಗಡಿ ದಾಟಿದರು. ತೋಟದಲ್ಲಿ ವಯಸ್ಸಾದವರು ಉಳಿದರು. ಅವರ ನಂತರ ಯಾರೂ ಉಳಿಯಲಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿ ಆಸ್ತಿ ಮಕ್ಕಳಿಗೆಲ್ಲ ಹಂಚಿಹೋಗುತ್ತದೆ. ಹಾಗಾಗಿ ಒಂದು ಸಣ್ಣ ತುಂಡಿಗೂ ನಾಲ್ಕಾರು ವಾರಸುದಾರರು. ಒಬ್ಬರು ಪ್ಯಾರಿಸ್‌ನಲ್ಲಿದ್ದರೆ ಇನ್ನೊಬ್ಬರು ಬ್ರೆಜಿಲ್‌ನಲ್ಲಿ. ಎಲ್ಲರ ಸಹಿ ಬೇಕು. ತೆರಿಗೆ ಕಚೇರಿಯ ದಾಖಲೆಯಲ್ಲಿರುವ ವಿಸ್ತೀರ್ಣ, ನೋಂದಣಿ ಕಚೇರಿಯಲ್ಲಿರುವ ವಿಸ್ತೀರ್ಣ, ನೆಲದ ಮೇಲಿನ ಅಳತೆ ಮೂರೂ ತಾಳೆಯಾಗಬೇಕು. ಸಣ್ಣ ಕೃಷಿಭೂಮಿ ಮಾರುವಾಗ ಪಕ್ಕದ ಜಮೀನಿನವರಿಗೆ ಮೊದಲು ಕೊಳ್ಳುವ ಹಕ್ಕಿದೆ. ಅವರಿಗೆ ಬರಹದಲ್ಲೇ ತಿಳಿಸಿ. ಇನ್ನೊಂದು ಮುಖ್ಯ ವಿಷಯ: ಜಮೀನಿನಲ್ಲಿ ಕಲ್ಲಿನ ಮನೆ ಇದೆ ಅಂದ ಮಾತ್ರಕ್ಕೆ ಅದರಲ್ಲಿ ವಾಸ ಮಾಡಬಹುದು ಅಂತಲ್ಲ. ದಾಖಲೆಯಲ್ಲಿ ಅದು 'ರುಸ್ತಿಕೊ' ಅಂತಿದ್ದರೆ ಬರೀ ಕೃಷಿಭೂಮಿ, 'ಉರ್ಬಾನೊ' ಅಂತಿದ್ದರೆ ಕಟ್ಟಡ. ಒಳ್ಳೇ ವಕೀಲರನ್ನು ಹಿಡಿದು ಇದನ್ನೆಲ್ಲ ನೋಡಿಸಿ, ಆಮೇಲೆ ದುಡ್ಡು ಕೊಡಿ.

ಈಗ ನೀರಿಗೆ ಬರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಜುಲೈ ಹೊತ್ತಿಗೆ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸಬರಿಗೆ ಅದೇ ಅನುಕೂಲ. ನಮ್ಮ ಇಡೀ ತೋಟ ಒಣಗಿ ನಿಂತಿದ್ದಾಗ ಮೇಲಿನ ತಟ್ಟಿನ (ಇಳಿಜಾರನ್ನು ಮೆಟ್ಟಿಲಿನಂತೆ ಸಮ ಮಾಡಿದ ಜಾಗ) ಒಂದು ಮೂಲೆ ಮಾತ್ರ ಕಡು ಹಸಿರಾಗಿತ್ತು. ಅಲ್ಲಿ ಜರಿಗಿಡ, ಜೊಂಡು, ಒಂದು ಅಂಜೂರದ ಮರ, ಅದೆಲ್ಲದರ ಮೇಲೆ ಆಳೆತ್ತರದ ಮುಳ್ಳುಬಳ್ಳಿ. ಬೇಸಿಗೆಯ ನಡುವೆ ಜೊಂಡು ಹಸಿರಾಗಿದೆ ಅಂದರೆ ಕೆಳಗೆ ನೀರಿದೆ ಅಂತಲೇ ಅರ್ಥ, ಅಲ್ವಾ?

ಮುಳ್ಳು ಬಿಡಿಸುತ್ತಾ ಹೋದಾಗ ಕಲ್ಲಿನ ಚೌಕಟ್ಟು ಸಿಕ್ಕಿತು. ಎರಡು ನಿಂತ ಕಲ್ಲು, ಮೇಲೊಂದು ಅಡ್ಡಗಲ್ಲು. ನನಗೆ ಅದೇನು ಅಂತ ಯಾರೂ ಹೇಳಬೇಕಾಗಲಿಲ್ಲ. ನಾನು ವಿಟ್ಲ ಕಡೆಯವನು. ಮಾಣಿಲದ ಗುಡ್ಡಗಳಲ್ಲಿ, ಗಡಿಯಾಚೆ ಕಾಸರಗೋಡಿನಲ್ಲಿ ಅಡಿಕೆ ತೋಟಗಳು ಬದುಕಿರುವುದೇ ಸುರಂಗದ ನೀರಿನಿಂದ. ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಹೊರಗೆ ಹರಿಸುವ ವಿದ್ಯೆ ಅದು. ನಮ್ಮಲ್ಲಿ ಮುರಕಲ್ಲಿನ ಮಣ್ಣಿನಲ್ಲಿ ಕೊರೆಯುತ್ತಾರೆ, ಇಲ್ಲಿ ಕೊಳೆತ ಗ್ರಾನೈಟಿನಲ್ಲಿ. ಇಲ್ಲಿನವರು ಇದನ್ನು 'ಮೀನಾ' ಅನ್ನುತ್ತಾರೆ. ಎರಡನ್ನೂ ಕಂಡವರಿಗೆ ಲೆಕ್ಕಾಚಾರ ಒಂದೇ ಅಂತ ಗೊತ್ತಾಗುತ್ತದೆ: ನೆಲ ಹೊರಮುಖಕ್ಕೆ ಸ್ವಲ್ಪವೇ ಇಳಿಜಾರಿರಬೇಕು, ಬಾಯಿಯ ಹತ್ತಿರ ಮಣ್ಣು ಕಟ್ಟಿಕೊಳ್ಳಬಾರದು.

ನಮ್ಮದರ ಬಾಯಿ ಮಣ್ಣಿನಿಂದ ಮುಚ್ಚಿಹೋಗಿತ್ತು. ಇಂಥ ಕಡೆ ಗುದ್ದಲಿ ಹಾಕಿ ಒಮ್ಮೆಲೇ ತೆಗೆಯಲು ಹೋಗಬೇಡಿ. ಮಣ್ಣಿನ ಹಿಂದೆ ವರ್ಷಗಟ್ಟಲೆ ನೀರು ನಿಂತಿರುತ್ತದೆ. ಕಟ್ಟು ಒಡೆದರೆ ಕೆಸರು, ಕಲ್ಲು ಎಲ್ಲ ಮೈಮೇಲೆ ಬರುತ್ತದೆ. ನಾವು ಮೊದಲು ಒಂದು ಕಬ್ಬಿಣದ ಪೈಪನ್ನು ಬಡಿದು ಒಳಗೆ ತೂರಿಸಿದೆವು. ನೀರು ಕೆಂಪಾಗಿ ಬಂತು, ಆಮೇಲೆ ಬಿಳಿಚಿಕೊಂಡಿತು, ಕೊನೆಗೆ ತಿಳಿಯಾಯಿತು. ಮಟ್ಟ ಇಳಿದ ಮೇಲೇ ಮಣ್ಣು ತೆಗೆಯಲು ಶುರುಮಾಡಿದ್ದು. ಒಳಗೆ ಹೋಗುವ ಕೆಲಸವನ್ನು ಅನುಭವ ಇರುವ ಕೆಲಸಗಾರರಿಗೇ ವಹಿಸಿದೆವು. ಅವರು ಗಾಳಿ ಅಳೆಯುವ ಮೀಟರ್ ತಂದಿದ್ದರು. ಬಾಯಿ ಮುಚ್ಚಿದ ಸುರಂಗದಲ್ಲಿ ಉಸಿರಾಡಲು ಬೇಕಾದಷ್ಟು ಆಮ್ಲಜನಕ ಇರುತ್ತದೆ ಅಂತ ನಂಬುವಂತಿಲ್ಲ. ಕೆಲಸವನ್ನು ಬೇಸಿಗೆಯ ಕೊನೆಗೇ ಇಟ್ಟುಕೊಳ್ಳಿ. ಆಗ ನೀರು ಕಡಿಮೆ. ಮಳೆ ಶುರುವಾದ ಮೇಲೆ ಹಳದಿ ಚುಕ್ಕೆಯ ಕಪ್ಪು ಸಾಲಮಾಂಡರ್‌ಗಳು (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಮರಿ ಹಾಕಲು ಇಂಥ ಜಾಗಕ್ಕೆ ಬರುತ್ತವೆ. ಅವುಗಳ ಮನೆಯೂ ಅದೇ.

ನೀರಿನ ಅಳತೆಗೆ ಒಂದು ಬಕೆಟ್, ಒಂದು ವಾಚು ಸಾಕು. ಆದರೆ ಅಳೆಯಬೇಕಾದ್ದು ಸೆಪ್ಟೆಂಬರ್‌ನಲ್ಲಿ. ಮಾರ್ಚ್‌ನಲ್ಲಿ ಅಳೆದರೆ ಎಲ್ಲ ಸುರಂಗವೂ ಧಾರಾಳಿಯೇ. ಸೆಪ್ಟೆಂಬರ್‌ನಲ್ಲಿ ಬರುವ ನೀರೆಷ್ಟೋ ಅಷ್ಟೇ ನಿಮ್ಮ ತೋಟ.

ನೀರು ಸಿಕ್ಕಿದ ಕೂಡಲೇ ಉಳಿದದ್ದು ಕಾಣಿಸತೊಡಗಿತು. ಸುರಂಗದ ಕೆಳಗೆ ಗ್ರಾನೈಟ್ ಚಪ್ಪಡಿಯ ತೊಟ್ಟಿ. ತೊಟ್ಟಿಯಿಂದ ತಟ್ಟಿನ ಅಂಚಿನುದ್ದಕ್ಕೂ ಕಲ್ಲಿನ ಕಾಲುವೆ. ಕಾಲುವೆಯಲ್ಲಿ ಅಲ್ಲಲ್ಲಿ ಮಣ್ಣು ಹಾಕಿ ನೀರು ತಿರುಗಿಸುವ ಕಂಡಿಗಳು. ಮೇಲಿನ ತಟ್ಟು ತರಕಾರಿಗೆ, ನಡುವಿನದು ಹಣ್ಣಿನ ಮರಕ್ಕೆ, ನೀರು ಬೇಡದ ಆಲಿವ್ ಕಾಲುವೆಯ ಆಚೆ ಒಣ ಜಾಗದಲ್ಲಿ. ಅಷ್ಟು ಅಚ್ಚುಕಟ್ಟು. ಒಂದು ಡ್ರಿಪ್ ಕಂಪನಿಯವರು ಬಂದು ಪ್ಲಾನ್ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಹಾಕುತ್ತಿರಲಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ. ಕಾಲುವೆಯ ಕೊನೆಯ ಕಂಡಿ ಪಕ್ಕದ ಜಮೀನಿಗೆ ಹೋಗುತ್ತಿತ್ತು. ಪಕ್ಕದ ಮನೆಯ ಅಜ್ಜ ಬಂದು ನಿಂತು ನೋಡಿ, ತಮ್ಮ ಮನೆಯವರಿಗೆ ವಾರಕ್ಕೆ ಒಂದು ದಿನದ ನೀರಿನ ಪಾಲಿತ್ತು ಎಂದರು. ನಮ್ಮ ಪತ್ರದಲ್ಲೂ ಹಾಗೇ ಇತ್ತು. ಜೂನ್ 24ರ ಸೇಂಟ್ ಜಾನ್ ಹಬ್ಬದಿಂದ ಸೆಪ್ಟೆಂಬರ್ 29ರ ಸೇಂಟ್ ಮೈಕಲ್ ಹಬ್ಬದವರೆಗೆ ಸರದಿ ಪ್ರಕಾರ ನೀರು. ಆ ಪಾಲನ್ನು ನಾವು ಅವತ್ತೇ ಒಪ್ಪಿದೆವು. ಆಮೇಲೆ ಈ ಊರಿನಲ್ಲಿ ನಮಗೆ ಯಾವ ಕೆಲಸಕ್ಕೂ ಜನ ಸಿಗದೇ ಇದ್ದದ್ದಿಲ್ಲ.

ಗೋಡೆಗಳಿಗೆ ಸಿಮೆಂಟ್ ಹಾಕಬೇಡಿ. ತಟ್ಟು ಹಿಡಿದಿಟ್ಟಿರುವ ಕಾಡುಗಲ್ಲಿನ ಗೋಡೆ ನಿಂತಿರುವುದೇ ಸಂದಿಯಿಂದ ನೀರು ಹೊರಹೋಗುವುದರಿಂದ. ಸಂದಿ ಮುಚ್ಚಿದರೆ ಚಳಿಗಾಲದ ಮಳೆಗೆ ಮಣ್ಣು ಊದಿಕೊಂಡು ಗೋಡೆಯನ್ನೇ ತಳ್ಳುತ್ತದೆ. ದೊಡ್ಡ ಕಲ್ಲು ಬುಡಕ್ಕೆ, ಗೋಡೆ ಗುಡ್ಡದ ಕಡೆಗೆ ಸ್ವಲ್ಪ ವಾಲಿರಬೇಕು, ಹಿಂದೆ ಸಣ್ಣ ಕಲ್ಲು ತುಂಬಬೇಕು. ನಡುನಡುವೆ ಉದ್ದದ ಕಲ್ಲನ್ನು ಒಳಮುಖವಾಗಿ ಇಟ್ಟರೆ ಹಿಡಿತ ಬರುತ್ತದೆ. ನಿಧಾನದ ಕೆಲಸ, ಆದರೆ ಕಲ್ಲೆಲ್ಲ ಅಲ್ಲೇ ಬಿದ್ದಿರುತ್ತದೆ. ಖರ್ಚು ಬೆನ್ನಿಗೆ ಮಾತ್ರ.

ಆಲಿವ್ ಮರಗಳು ಸತ್ತಿವೆ ಅಂತಲೇ ಮಾರುವವರು ಹೇಳಿದ್ದರು. ಆಲಿವ್ ಅಷ್ಟು ಸುಲಭಕ್ಕೆ ಸಾಯುವ ಮರವಲ್ಲ. ಬುಡದಿಂದ ಚಿಗುರು ಪೊದೆಯಾಗಿ ಎದ್ದು ಹಳೇ ಕಾಂಡವನ್ನು ಮುಚ್ಚಿರುತ್ತದೆ, ಅಷ್ಟೇ. ನಮ್ಮಲ್ಲಿರುವುದು ಹೆಚ್ಚಾಗಿ 'ಗಲೇಗಾ' ಜಾತಿ, ಸಣ್ಣ ಕಾಯಿಯ ಹಳೇ ತಳಿ. ಫೆಬ್ರವರಿ-ಮಾರ್ಚ್‌ನಲ್ಲಿ, ಗಟ್ಟಿ ಹಿಮ ಬೀಳುವ ದಿನಗಳು ಕಳೆದ ಮೇಲೆ, ಸವರಲು ಶುರು. ಮೊದಲ ವರ್ಷ ಬುಡದ ಚಿಗುರು, ಒಣಗಿದ ಕೊಂಬೆ ಮಾತ್ರ. ಎರಡನೇ ವರ್ಷ ನಡುವಿನ ಒತ್ತು ಬಿಡಿಸಿ ಬೆಳಕು ಬರುವಂತೆ ಮಾಡುವುದು. ಮೂರನೇ ವರ್ಷ ಎತ್ತರ ಇಳಿಸುವುದು. ಒಂದೇ ಸಲ ಎಲ್ಲ ಕಡಿದರೆ ಮರ ಗಾಬರಿಬಿದ್ದು ಬರೀ ನೆಟ್ಟಗಿನ ಚಿಗುರು ಬಿಡುತ್ತದೆ, ಕಾಯಿ ಬಿಡುವುದಿಲ್ಲ.

ಎಲೆ ಮೇಲೆ ನವಿಲುಗಣ್ಣಿನಂಥ ಚುಕ್ಕೆ ಬಂದು ಉದುರುವ ರೋಗ ಇಲ್ಲಿ ಸಾಮಾನ್ಯ. ಅದಕ್ಕೆ ಔಷಧ ಬೋರ್ಡೋ! ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಅದೇ ಮೈಲುತುತ್ತು (ತಾಮ್ರದ ಲವಣ), ಸುಣ್ಣ ಸೇರಿಸಿದ ನೀಲಿ ದ್ರಾವಣ. ಅಂಗಡಿಯಲ್ಲಿ ಆ ಹೆಸರು ಕೇಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಊರಿನಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಹಾಕಿ, ಕತ್ತಿ ಅದ್ದಿ ನೋಡಿ ತಯಾರಿಸುತ್ತೇವೆ. ಇಲ್ಲಿ ರೆಡಿ ಪುಡಿ ಸಿಗುತ್ತದೆ. ಶರತ್ಕಾಲದ ಮಳೆಗೆ ಮೊದಲು ಒಂದು ಸಲ, ಚಳಿ ಮುಗಿಯುವಾಗ ಇನ್ನೊಂದು ಸಲ. ಯುರೋಪಿನಲ್ಲಿ ತಾಮ್ರಕ್ಕೆ ಮಿತಿ ಇದೆ, 7 ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ. ಒಳ್ಳೇ ಕಾನೂನು. ತಾಮ್ರ ಮಣ್ಣಿನಲ್ಲೇ ಉಳಿದುಬಿಡುತ್ತದೆ, ಎರೆಹುಳಕ್ಕೆ ಆಗುವುದಿಲ್ಲ. ನಮ್ಮ ಅಡಿಕೆ ತೋಟಗಳಲ್ಲೂ ಈ ಲೆಕ್ಕ ಯಾರಾದರೂ ಇಡಬೇಕು.

ತೋಟದ ಮೇಲಿನ ಅಂಚಿನಲ್ಲಿ ಕಾರ್ಕ್ ಓಕ್ ಮರಗಳಿವೆ. ಬಾಟಲಿ ಬಿರಡೆಯ ಕಾರ್ಕ್ ಅಂದರೆ ಇವುಗಳ ತೊಗಟೆಯೇ. ಇವು ಕಾನೂನಿನ ರಕ್ಷಣೆ ಇರುವ ಮರ. ಸ್ವಂತ ಜಮೀನಿನಲ್ಲಿದ್ದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ತೊಗಟೆ ಸುಲಿದ ಮೇಲೆ ಕನಿಷ್ಠ 9 ವರ್ಷ ಬಿಡಬೇಕು. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ.

ನಿಜವಾದ ಕಷ್ಟ ಮಿಮೋಸಾ. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾ ಜಾತಿ. ಚಳಿಗಾಲದ ಕೊನೆಗೆ ಇಡೀ ಗುಡ್ಡ ಹಳದಿ ಹೂವಾಗುತ್ತದೆ, ನೋಡಲು ಚಂದ. ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ, ಬೆಂಕಿ ಬಿದ್ದರೆ ಒಟ್ಟಿಗೇ ಮೊಳೆಯುತ್ತದೆ. ಮಲೆನಾಡಿನಲ್ಲಿ ಅಕೇಶಿಯಾ ನೆಡುತೋಪು ಕಂಡವರಿಗೆ ಈ ಮರದ ಹಠ ಹೊಸದಲ್ಲ. ಕೆಲಸ ಮಾಡುವ ದಾರಿ ಒಂದೇ: ತೇವ ಇರುವ ಕಾಲದಲ್ಲಿ ಎದೆಮಟ್ಟದಿಂದ ನೆಲದವರೆಗೆ ಸಿಪ್ಪೆಯನ್ನು ಪೂರ್ತಿ ಸುಲಿದು, ಮರ ನಿಂತಲ್ಲೇ ಒಣಗುವವರೆಗೆ ಬಿಡುವುದು. ಒಂದು ಪಟ್ಟಿ ಸಿಪ್ಪೆ ಉಳಿದರೂ ಬದುಕಿಕೊಳ್ಳುತ್ತದೆ. ಸುಲಿಯಲು ಬಾರದಷ್ಟು ಸಣ್ಣ ಗಿಡವನ್ನು ಮಳೆಯಾದ ಮೇಲೆ ಬೇರುಸಮೇತ ಕೀಳಬೇಕು.

ಇದಕ್ಕೆ ಇಷ್ಟು ತಲೆ ಕೊಡುವುದು ಬೆಂಕಿಯ ಭಯಕ್ಕೆ. 2017ರ ಜೂನ್‌ನಲ್ಲಿ ಪೆಡ್ರೋಗಾಂವ್ ಗ್ರಾಂದೆಯ ಕಾಡ್ಗಿಚ್ಚಿನಲ್ಲಿ 66 ಜನ ಸತ್ತರು. ಹೆಚ್ಚಿನವರು ಕಾರಿನಲ್ಲಿ ತಪ್ಪಿಸಿಕೊಳ್ಳಲು ಹೊರಟವರು. ಮನೆಯ ಸುತ್ತ 50 ಮೀಟರ್ ಪೊದೆ ತೆಗೆದಿರಬೇಕು ಅನ್ನುವುದು ಇಲ್ಲಿನ ಕಾನೂನು. ಹಾಳುಬಿದ್ದ ತೋಟ ಅಂದರೆ ಅದರ ಪಕ್ಕದವರಿಗೂ ಅಪಾಯ. ನಾವು ಸವರಿದ ಸೊಪ್ಪನ್ನು ಸುಡುವುದಿಲ್ಲ. ಪುಡಿ ಮಾಡಿಸಿ ಮರದ ಬುಡಕ್ಕೆ ಹಾಕುತ್ತೇವೆ, ಆದರೆ ಮನೆಗೆ ಹತ್ತಿರ ಹಾಕುವುದಿಲ್ಲ.

ಮನೆಗೆ ಮಾಡಿದ್ದು ಕಡಿಮೆ. ಚೆಸ್ಟ್‌ನಟ್ ಮರದ ತೊಲೆಗಳು ಗಟ್ಟಿಯಾಗಿದ್ದವು. ಮಾಡಿಗೆ ಹೆಂಚು ಹೊದಿಸಿ, ಗೋಡೆಗೆ ಸುಣ್ಣದ ಗಾರೆ ಹಾಕಿಸಿದೆವು.

ಅಕ್ಟೋಬರ್ ಕೊನೆಯಿಂದ ಕೊಯ್ಲು. ಗಲೇಗಾಕ್ಕೆ ಮಳೆ ಜೋರಾದರೆ ಕಾಯಿ ಕೊಳೆಯುವ ರೋಗ ಬೇಗ ತಗಲುತ್ತದೆ, ಹಾಗಾಗಿ ನಾವು ಪೂರ್ತಿ ಕಪ್ಪಾಗಲು ಕಾಯುವುದಿಲ್ಲ. ಕೆಳಗೆ ಬಲೆ ಹಾಸಿ, ಕೋಲಿನಿಂದ ಮೆಲ್ಲಗೆ ತಟ್ಟಿ ಉದುರಿಸುವುದು. ಗೋಣಿಗೆ ತುಂಬಿದರೆ ಕಾಯಿ ಬಿಸಿಯೇರುತ್ತದೆ. ಗಾಳಿಯಾಡುವ ಕ್ರೇಟಿನಲ್ಲಿ ಹಾಕಿ ಅದೇ ದಿನ ಗಾಣಕ್ಕೆ ಒಯ್ಯುತ್ತೇವೆ. ಗಾಣದವರು ದುಡ್ಡಿನ ಬದಲು ಎಣ್ಣೆಯಲ್ಲೇ ಒಂದು ಪಾಲು ಇಟ್ಟುಕೊಳ್ಳುವ ಪದ್ಧತಿ ಇನ್ನೂ ಇದೆ. ನಮ್ಮಂಥ ಸಣ್ಣವರಿಗೆ ಅದೇ ಅನುಕೂಲ. ಮನೆಗೆ ವರ್ಷಕ್ಕಾಗುವಷ್ಟು ಉಳಿದು, ಲಿಸ್ಬನ್‌ನ ಸ್ನೇಹಿತರಿಗೂ ಕೊಡುತ್ತೇವೆ. ಈ ಚಳಿಗಾಲಕ್ಕೆ ಕೆಳಗಿನ ತಟ್ಟಿನ ಗೋಡೆ ಬಾಕಿ ಇದೆ. ಅದು ಎದ್ದರೆ ಕಾಲುವೆಯ ನೀರು ಪಕ್ಕದ ಅಜ್ಜನ ಚೆರಿ ಮರದವರೆಗೂ ಸೋರದೆ ಹೋಗುತ್ತದೆ.