ಇಪ್ಪತ್ತು ಸಾಲಿನಲ್ಲಿ ನಿಮ್ಮದೇ ವೆಬ್ ಫ್ರೇಮ್‌ವರ್ಕ್

ವೆಬ್ ಫ್ರೇಮ್‌ವರ್ಕ್ ಎಂದರೆ ವೆಬ್‌ಸೈಟ್ ಕಟ್ಟಲು ನೆರವಾಗುವ ಸಿದ್ಧ ಕೋಡ್‌ನ ಚೌಕಟ್ಟು. ಪೈಥಾನ್‌ನಲ್ಲಿ ಇಂದು ಬಹಳ ಜನ ಬಳಸುವ ಅಂಥ ಚೌಕಟ್ಟು ಫ್ಲಾಸ್ಕ್; ಅದರ ಮೂಲ ಒಂದು ತಮಾಷೆ. 2010ರ ಏಪ್ರಿಲ್ 1ರಂದು ಪ್ರೋಗ್ರಾಮರ್ ಆರ್ಮಿನ್ ರೊನಾಕರ್ ಜನರನ್ನು ಫೂಲ್ ಮಾಡಲೆಂದು ಒಂದೇ ಫೈಲಿನ ಫ್ರೇಮ್‌ವರ್ಕ್ ಹರಿಯಬಿಟ್ಟರು. ಜನ ಅದನ್ನೇ ಗಂಭೀರವಾಗಿ ತೆಗೆದುಕೊಂಡರು. ಅಂಥದ್ದೊಂದನ್ನು ನೀವೂ ಒಂದು ಭಾನುವಾರ ಕಟ್ಟಬಹುದು. ಪೈಥಾನ್ 3 ಇದ್ದರಾಯಿತು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಮೊದಲು ಕರಾರು ತಿಳಿದುಕೊಳ್ಳಿ. ಸರ್ವರ್ ಮತ್ತು ನಿಮ್ಮ ಕೋಡ್ ಹೇಗೆ ಮಾತಾಡಬೇಕೆಂದು ಹೇಳುವ ಡಬ್ಲ್ಯುಎಸ್‌ಜಿಐ ಎಂಬ ನಿಯಮ 2003ರಿಂದ ಇದೆ. ನೀವು ಬರೆಯುವ ಫಂಕ್ಷನ್‌ಗೆ ಎರಡು ವಸ್ತು ಸಿಗುತ್ತವೆ: ರಿಕ್ವೆಸ್ಟ್‌ನ ವಿವರವೆಲ್ಲ ಇರುವ ಡಿಕ್ಷನರಿ, ಸ್ಟೇಟಸ್ ಮತ್ತು ಹೆಡರ್ ಕಳಿಸಲು ಇನ್ನೊಂದು ಫಂಕ್ಷನ್. ನೀವು ಹಿಂತಿರುಗಿಸಬೇಕಾದ್ದು ಬೈಟ್‌ಗಳ ಲಿಸ್ಟ್. ಇಷ್ಟೇ.

ಇನ್ನು ಒಂದು ಕ್ಲಾಸ್ ಬರೆಯಿರಿ. ಅದರೊಳಗೊಂದು ಖಾಲಿ ಡಿಕ್ಷನರಿ: ಎಡಕ್ಕೆ ವಿಳಾಸ, ಬಲಕ್ಕೆ ಆ ವಿಳಾಸಕ್ಕೆ ಉತ್ತರಿಸುವ ಫಂಕ್ಷನ್. ಇದನ್ನು ತುಂಬಲು ನಾಲ್ಕು ಸಾಲಿನ ಡೆಕೊರೇಟರ್ (ಫಂಕ್ಷನ್‌ನ ತಲೆಯ ಮೇಲೆ @ ಹಾಕಿ ಬರೆಯುವ ಗುರುತು) ಸಾಕು. ರಿಕ್ವೆಸ್ಟ್ ಬಂದಾಗ ವಿಳಾಸ ಹುಡುಕಿ, ಸಿಕ್ಕರೆ ಫಂಕ್ಷನ್ ಓಡಿಸಿ, ಇಲ್ಲದಿದ್ದರೆ ‘ಪುಟ ಸಿಗಲಿಲ್ಲ’ ಎನ್ನುವ 404 ಕೊಡಿ. ಪೈಥಾನ್ ಜೊತೆಗೇ ಬರುವ ವಿಸ್ಗಿರೆಫ್ ಸರ್ವರನ್ನು 8000ನೇ ಪೋರ್ಟ್‌ನಲ್ಲಿ ಚಾಲು ಮಾಡಿದರೆ ಪುಟ ತೆರೆದುಕೊಳ್ಳುತ್ತದೆ.

ನಿಜವಾದ ಮಜಾ ಕನ್ನಡ ಹಾಕಿದಾಗ. ‘ನಮಸ್ಕಾರ’ ಎಂದು ನೇರ ಸ್ಟ್ರಿಂಗ್ ಕೊಟ್ಟರೆ ಸರ್ವರ್ ಎರರ್ ಎಸೆಯುತ್ತದೆ, ಅದಕ್ಕೆ ಬೇಕಿರುವುದು ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಎಂಬ ಪದ್ಧತಿಗೆ ಎನ್‌ಕೋಡ್ ಮಾಡಿ. ಆ ಪದದ ಏಳು ಯೂನಿಕೋಡ್ ಸಂಕೇತಗಳು 21 ಬೈಟ್ ಆಗುತ್ತವೆ. ಹೆಡರ್‌ನಲ್ಲೂ ಯುಟಿಎಫ್-8 ಎಂದು ಬರೆಯಿರಿ, ಇಲ್ಲವಾದರೆ ಬ್ರೌಸರ್ ತನಗೆ ತೋಚಿದಂತೆ ಊಹಿಸಿ ಅಕ್ಷರ ಕಲಸಿಬಿಡಬಹುದು.

ಇನ್ನೂ ಒಂದು ಗುಪ್ತ ಗಂಡಾಂತರವಿದೆ. ‘/ಊರು’ ಎಂಬ ವಿಳಾಸ ಕೊಟ್ಟು ನೋಡಿ, ಡಿಕ್ಷನರಿಯಲ್ಲಿ ಇದ್ದರೂ 404 ಬರುತ್ತದೆ. ಕಾರಣ, ನಿಯಮದ ಪ್ರಕಾರ ಸರ್ವರ್ ವಿಳಾಸದ ಬೈಟ್‌ಗಳನ್ನು ಲ್ಯಾಟಿನ್-1 (ಒಂದು ಬೈಟ್‌ಗೆ ಒಂದೇ ಅಕ್ಷರ ಎನ್ನುವ, ಕನ್ನಡವಿಲ್ಲದ ಹಳೆಯ ಪದ್ಧತಿ) ಎಂದುಕೊಂಡು ಓದಿಯೇ ನಿಮ್ಮ ಕೈಗಿಡುತ್ತದೆ. ಅದನ್ನು ಮರಳಿ ಲ್ಯಾಟಿನ್-1ಗೆ ಎನ್‌ಕೋಡ್ ಮಾಡಿ, ಯುಟಿಎಫ್-8 ಆಗಿ ಡಿಕೋಡ್ ಮಾಡಿದರೆ ‘ಊರು’ ಊರಾಗುತ್ತದೆ. ಒಂದೇ ಸಾಲಿನ ಮದ್ದು, ಆದರೆ ದೊಡ್ಡ ಫ್ರೇಮ್‌ವರ್ಕ್‌ಗಳು ನಮಗೆ ಕಾಣದಂತೆ ಏನೆಲ್ಲ ಮಾಡುತ್ತವೆಂದು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಓದುಗರು ಟೈಪ್ ಮಾಡಿದ ಹೆಸರನ್ನು ಪುಟದಲ್ಲಿ ತೋರಿಸುವ ಆಸೆಯಾದರೆ ಎಸ್ಕೇಪ್ ಮಾಡದೆ, ಅಂದರೆ < > ಥರದ ಚಿಹ್ನೆಗಳನ್ನು ಬರಿ ಅಕ್ಷರವಾಗಿ ಕಾಣುವಂತೆ ಬದಲಿಸದೆ, ತೋರಿಸಬೇಡಿ, ಹೆಸರಿನ ಜಾಗದಲ್ಲಿ ಯಾರಾದರೂ ಸ್ಕ್ರಿಪ್ಟ್ ತೂರಿಸಿಯಾರು. ಮತ್ತೆ, ವಿಸ್ಗಿರೆಫ್ ಇರುವುದು ನಿಮ್ಮ ಲ್ಯಾಪ್‌ಟಾಪ್‌ನ ಮಟ್ಟಿಗೆ. ಹೊರಜಗತ್ತಿಗೆ ಬಿಡುವುದಾದರೆ ಗುನಿಕಾರ್ನ್‌ನಂಥ ಸರ್ವರ್ ಬಳಸಿ; ಕರಾರು ಒಂದೇ ಆದ್ದರಿಂದ ನಿಮ್ಮ ಕ್ಲಾಸ್‌ನ ಒಂದಕ್ಷರವನ್ನೂ ಬದಲಿಸಬೇಕಿಲ್ಲ.