ನನ್ನ ಕಾರ್ಡಿನ ಮೇಲೆ ಮೂವರು: ಜರ್ಮನಿಯಲ್ಲಿ ಓದುತ್ತಾ ಗಂಡ, ಮಗಳನ್ನು ಕರೆಸಿಕೊಂಡ ಅನುಭವ

ಮದುವೆಯಾಗಿ ಮಕ್ಕಳಿರುವವರು ವಿದೇಶಕ್ಕೆ ಓದಲು ಹೊರಟರೆ ನಮ್ಮ ಕಡೆ ಎಲ್ಲರೂ ಹೇಳುವ ಮಾತು ಒಂದೇ. "ಮೊದಲು ನೀನು ಹೋಗಿ ಸೆಟ್ಲ್ ಆಗು, ಆಮೇಲೆ ಅವರನ್ನು ಕರೆಸಿಕೊಂಡರಾಯಿತು." ನನಗೂ ಇದನ್ನೇ ಹೇಳಿದರು. ಆಗ ನಾನು ಹಾಸನದ ಕಡೆ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ, ಮಗಳಿಗೆ ಎರಡು ವರ್ಷ. 2023ರ ಅಕ್ಟೋಬರ್‌ನ ಚಳಿಗಾಲದ ಸೆಮಿಸ್ಟರ್‌ಗೆ ಮಾಸ್ಟರ್ಸ್ ಸೀಟು ಸಿಕ್ಕಿತ್ತು. ನಾನು ಆ ಮಾತು ಕೇಳದೆ, ನನ್ನ ವೀಸಾ ಕಾಗದಗಳ ಜೊತೆಗೇ ಗಂಡನ ಮತ್ತು ಮಗಳ ಕಾಗದಗಳನ್ನೂ ಹೊಂದಿಸಲು ಶುರು ಮಾಡಿದೆ. ನಾವು ಮೂವರೂ ಈಗ ಒಂದೇ ಮನೆಯಲ್ಲಿರುವುದು ಅದರಿಂದಲೇ ಎಂದು ನಾನು ನಂಬುತ್ತೇನೆ.

ಕಾರಣ ಕಾನೂನಿನಲ್ಲೇ ಇದೆ. ಜರ್ಮನಿಯಲ್ಲಿ ವಿದ್ಯಾರ್ಥಿಗೆ ರೆಸಿಡೆನ್ಸ್ ಪರ್ಮಿಟ್ (ಅಲ್ಲಿ ವಾಸಿಸುವ ಅನುಮತಿ, ಕೈಗೆ ಕಾರ್ಡಾಗಿ ಬರುತ್ತದೆ) ಸಿಗುವುದು ಅಲ್ಲಿನ ವಾಸ ಕಾಯ್ದೆಯ ಸೆಕ್ಷನ್ 16ಬಿ ಅಡಿ. ಗಂಡ ಅಥವಾ ಹೆಂಡತಿಗೆ ಸೆಕ್ಷನ್ 30, ಮಗುವಿಗೆ ಸೆಕ್ಷನ್ 32. ಸಂಗಾತಿಯನ್ನು ಹಕ್ಕಿನಿಂದ ಕರೆಸಿಕೊಳ್ಳಬೇಕಾದರೆ ವಿದ್ಯಾರ್ಥಿಗೆ ಪರ್ಮಿಟ್ ಸಿಗುವ ಹೊತ್ತಿಗೆ ಮದುವೆ ಆಗಿರಬೇಕು. ವಿದ್ಯಾರ್ಥಿ ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲಿರುವಂತೆಯೂ ಇರಬೇಕು. ಮಾಸ್ಟರ್ಸ್ ಅಂದರೆ ಎರಡು ವರ್ಷ. "ಸೆಟ್ಲ್" ಆಗುವುದಕ್ಕೇ ಒಂದು ವರ್ಷ ಹೋದರೆ, ಕಾಗದ ಓಡಾಡುವುದಕ್ಕೆ ಇನ್ನಷ್ಟು ತಿಂಗಳು ಹೋದರೆ, ಉಳಿಯುವುದೇನು? ಅದಕ್ಕೇ ನನ್ನ ಸ್ವಂತ ವೀಸಾ ಅರ್ಜಿಯಲ್ಲೇ ವಿವಾಹಿತೆ ಎಂದು ಬರೆದು, ಗಂಡ ಮತ್ತು ಮಗಳ ಹೆಸರು ಹಾಕಿದ್ದೆ. ಮದುವೆಯಾಗಿದೆ ಅಂದರೆ ವೀಸಾ ಕೊಡುವುದಿಲ್ಲ ಎಂದು ಹೆದರಿಸುವ ಏಜೆಂಟರಿದ್ದಾರೆ. ಅವರ ಮಾತು ಕೇಳಿ ಮುಚ್ಚಿಡಬೇಡಿ. ಇವತ್ತು ಮುಚ್ಚಿಟ್ಟದ್ದು ನಾಳೆ ಗಂಡನ ಅರ್ಜಿ ಹಾಕುವಾಗ ನಿಮಗೇ ಎದುರು ನಿಲ್ಲುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿದದ್ದು ಊರಿನ ಕಾಗದಗಳೇ. ನಮ್ಮದು ಕಲ್ಯಾಣ ಮಂಟಪದಲ್ಲಿ ಆದ ಮದುವೆ. ಬಹಳ ಮನೆಗಳಂತೆ ನಮ್ಮಲ್ಲೂ ಮದುವೆ ನೋಂದಣಿ ಆಗಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಲಗ್ನಪತ್ರಿಕೆ, ಫೋಟೋ, ಆಧಾರ್, ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದೆವು. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಆಸ್ಪತ್ರೆಯಲ್ಲಿ ಹುಟ್ಟಿದಾಗ ನಾಮಕರಣ ಆಗಿರುವುದಿಲ್ಲವಲ್ಲ, ಹಾಗಾಗಿ ನಮ್ಮಲ್ಲಿ ಇದು ತುಂಬ ಸಾಮಾನ್ಯ. ಹೆಸರು ಸೇರಿಸಿದ ಹೊಸ ಪ್ರತಿ ತೆಗೆಸಿದ ಮೇಲೆಯೇ ಮುಂದಕ್ಕೆ ಹೋದೆವು.

ಇನ್ನೊಂದು ವಿಷಯ ಇನಿಷಿಯಲ್. ನಮ್ಮ ಹೆಸರಿನ ಮುಂದಿರುವ ಊರು, ಅಪ್ಪನ ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಜರ್ಮನಿಯಲ್ಲಿ ಪ್ರತಿಯೊಂದು ಫಾರ್ಮಿನಲ್ಲೂ ಮೊದಲು ಕೇಳುವುದೇ ಕುಟುಂಬದ ಹೆಸರು. ಗಂಡನ ಪಾಸ್‌ಪೋರ್ಟ್ ಹೇಗೂ ಹೊಸದು ಮಾಡಿಸಬೇಕಿತ್ತು. ಆಗಲೇ ಇನಿಷಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ತುಂಬಿಸಿದೆವು. ಮಗಳಿಗೂ ಅದೇ ಸರ್‌ನೇಮ್. ಮೂವರ ಹೆಸರೂ ಎಲ್ಲ ಕಾಗದದಲ್ಲೂ ಒಂದೇ ರೀತಿ ಇದ್ದದ್ದಕ್ಕೆ ಮುಂದೆ ಯಾರೂ ನಮ್ಮ ಸಂಬಂಧದ ಬಗ್ಗೆ ಮರುಪ್ರಶ್ನೆ ಕೇಳಲಿಲ್ಲ.

ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲೆಂದು ಅಂತರರಾಷ್ಟ್ರೀಯ ಒಪ್ಪಂದದಡಿ ಹಾಕುವ ಅಪೊಸ್ಟಿಲ್ ಮುದ್ರೆ ಹಾಕಿಸಿದರೆ ಮುಗಿಯಿತು ಎಂದು ಹಲವರು ಅಂದುಕೊಳ್ಳುತ್ತಾರೆ. ಭಾರತದಲ್ಲಿ ಆ ಒಪ್ಪಂದ 2005ರಲ್ಲಿ ಜಾರಿಗೆ ಬಂತು, ಆದರೆ ಜರ್ಮನಿ ಆಕ್ಷೇಪ ಸಲ್ಲಿಸಿತು. ಹಾಗಾಗಿ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಅನುಮಾನ ಬಂದರೆ ಅಥವಾ ಜರ್ಮನಿಯ ಕಚೇರಿ ಕೇಳಿದರೆ ಅವರ ಕಾನ್ಸುಲೇಟ್ ತನ್ನ ವಕೀಲರ ಮೂಲಕ ಕಾಗದ ಪರಿಶೀಲಿಸುತ್ತದೆ. ಎಲ್ಲರಿಗೂ ಇದು ಬರುವುದಿಲ್ಲ, ನಮಗೆ ಬಂತು. ವಕೀಲರು ಮೂಲ ರಿಜಿಸ್ಟರ್ ನೋಡಿದರು, ಮನೆಗೂ ಬಂದು ಅತ್ತೆ ಮಾವನನ್ನು ಮಾತನಾಡಿಸಿದರು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ. ಗೊತ್ತಿಲ್ಲದವರು ಬಂದು ಮದುವೆ ಯಾವಾಗ ಆಯಿತು ಅಂತ ಕೇಳಿದರೆ ಯಾರಿಗಾದರೂ ಗಾಬರಿ ಆಗುತ್ತೆ, ಅಲ್ವಾ?

ವಿದ್ಯಾರ್ಥಿಯ ಸಂಗಾತಿಗೆ ಸಾಮಾನ್ಯವಾಗಿ ಎ1 ಮಟ್ಟದ, ಅಂದರೆ ತೀರಾ ಆರಂಭದ ಜರ್ಮನ್ ಬೇಕು. ಬ್ಲೂ ಕಾರ್ಡ್ (ಒಳ್ಳೆಯ ಸಂಬಳದ ಕೆಲಸ ಸಿಕ್ಕ ಪದವೀಧರರಿಗೆ ಕೊಡುವ ಪರ್ಮಿಟ್) ಇರುವವರ ಸಂಗಾತಿಗೆ ಈ ಷರತ್ತಿಲ್ಲ. ಅದನ್ನು ಎಲ್ಲೋ ಓದಿಕೊಂಡು "ಎ1 ಬೇಡವಂತೆ" ಎಂದು ಸುಮ್ಮನಿದ್ದವರನ್ನು ನೋಡಿದ್ದೇನೆ. ನನ್ನ ಗಂಡ ಕೆಲಸ ಮಾಡುತ್ತಲೇ ಸಂಜೆ ಕಲಿತು, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆದರು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕೂ ಸೇರಿ 100ಕ್ಕೆ 60 ಬಂದರೆ ಪಾಸು. ಕಷ್ಟ ಪರೀಕ್ಷೆಯದಲ್ಲ, ಪರೀಕ್ಷೆಯ ಸ್ಲಾಟ್ ಸಿಗುವುದು. ನಾನು ವಿಮಾನ ಹತ್ತುವ ಮೊದಲೇ ಅವರ ಸರ್ಟಿಫಿಕೇಟ್ ಕೈಯಲ್ಲಿತ್ತು. ಮಗಳಿಗೆ ಭಾಷೆಯ ಷರತ್ತೇನೂ ಇಲ್ಲ.

ದುಡ್ಡಿನ ಲೆಕ್ಕ ಹೀಗಿತ್ತು. ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಮೊದಲೇ ಹಣ ಕಟ್ಟಿ, ತಿಂಗಳಿಗೆ ಇಷ್ಟೇ ಎಂದು ತೆಗೆಯುವ ಬ್ಲಾಕ್ಡ್ ಅಕೌಂಟಿಗೆ 2023ರಲ್ಲಿ 11,208 ಯೂರೋ ಬೇಕಿತ್ತು, ತಿಂಗಳಿಗೆ 934. 2024ರ ಸೆಪ್ಟೆಂಬರ್‌ನಿಂದ ಅದು 11,904 ಆಗಿದೆ, ತಿಂಗಳಿಗೆ 992. ಕುಟುಂಬಕ್ಕೆ ಎಷ್ಟು ತೋರಿಸಬೇಕೆಂಬುದನ್ನು ನೀವಿರುವ ಊರಿನ ಫಾರಿನರ್ಸ್ ಆಫೀಸ್ (ವಿದೇಶಿಯರ ಪರ್ಮಿಟ್ ನೋಡಿಕೊಳ್ಳುವ ಕಚೇರಿ) ಬಾಡಿಗೆ, ವಿಮೆ, ಮನೆಖರ್ಚು ನೋಡಿ ಲೆಕ್ಕ ಹಾಕುತ್ತದೆ. ನಾವು ಗಂಡನ ಹೆಸರಲ್ಲೂ ಬ್ಲಾಕ್ಡ್ ಅಕೌಂಟ್ ತೆರೆದೆವು. ಜೊತೆಗೆ ಯೂನಿವರ್ಸಿಟಿಯಲ್ಲಿ ನಾನು ಮಾಡುತ್ತಿದ್ದ ಸಹಾಯಕಿ ಕೆಲಸದ ಕರಾರುಪತ್ರ ಕೊಟ್ಟೆವು. ವಿದ್ಯಾರ್ಥಿಗಳು ವರ್ಷಕ್ಕೆ ಇಷ್ಟೇ ದಿನ ಕೆಲಸ ಮಾಡಬೇಕೆಂಬ ಮಿತಿ ಇದೆ. 2024ರ ಮಾರ್ಚ್‌ನಿಂದ ಅದು 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಆದರೆ ಯೂನಿವರ್ಸಿಟಿಯೊಳಗಿನ ಸಹಾಯಕ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಕುಟುಂಬ ಇರುವವರು ಮೊದಲ ಸೆಮಿಸ್ಟರ್‌ನಿಂದಲೇ ಅಂಥ ಕೆಲಸ ಹುಡುಕುವುದು ಒಳ್ಳೆಯದು.

ಮನೆಗೂ ಅಳತೆ ಇದೆ. ಆರು ವರ್ಷ ದಾಟಿದವರಿಗೆ ತಲಾ 12 ಚದರ ಮೀಟರ್, ಅದಕ್ಕಿಂತ ಚಿಕ್ಕ ಮಕ್ಕಳಿಗೆ 10. ನಮಗೆ 34 ಆಗುತ್ತದೆ. ಹಾಸ್ಟೆಲ್ ರೂಮಿನ ವಿಳಾಸ ಕೊಟ್ಟು ಕುಟುಂಬದ ಅರ್ಜಿ ಹಾಕಿದರೆ ಅಲ್ಲೇ ನಿಲ್ಲುತ್ತದೆ. ವಿದ್ಯಾರ್ಥಿ ವಸತಿ ನಡೆಸುವ ಸ್ಟುಡೆಂಟನ್‌ವೆರ್ಕ್ ಹಲವು ಊರುಗಳಲ್ಲಿ ಕುಟುಂಬಕ್ಕೆಂದೇ ಮನೆಗಳನ್ನು ಇಟ್ಟಿದೆ. ಸೀಟು ಸಿಕ್ಕ ವಾರವೇ ಅದರ ಕಾಯುವ ಪಟ್ಟಿಗೆ ಹೆಸರು ಹಾಕಿದ್ದೆ. ಚಿಕ್ಕ ಮಕ್ಕಳನ್ನು ಹಗಲಲ್ಲಿ ನೋಡಿಕೊಳ್ಳುವ ಕಿಟಾಕ್ಕೂ ಹಾಗೇ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗುವುದು ಅಲ್ಲಿ 2013ರಿಂದ ಕಾನೂನಿನ ಹಕ್ಕು. ಆದರೆ ಸಾಲಂತೂ ಇದೆ.

2024ರಲ್ಲಿ ಅವರಿಬ್ಬರೂ ಬಂದರು. ಎರಡು ವಾರದೊಳಗೆ ವಿಳಾಸ ನೋಂದಣಿ, ಆಮೇಲೆ ಬೆರಳಚ್ಚು, ಆಮೇಲೆ ಕಾರ್ಡು. ಗಂಡನ ಕಾರ್ಡಿನಲ್ಲಿ ಉದ್ಯೋಗಕ್ಕೆ ಅನುಮತಿ ಇದೆ ಎಂದು ಅಚ್ಚಾಗಿತ್ತು, ಯಾವ ಮಿತಿಯೂ ಇಲ್ಲದೆ. ಓದುವ ನನಗೆ ದಿನಗಳ ಲೆಕ್ಕ, ಅವರಿಗೆ ಪೂರ್ತಿ ಕೆಲಸ! ಇದು ಅನೇಕರಿಗೆ ಗೊತ್ತೇ ಇಲ್ಲ. ಸಂಗಾತಿ ಮನೆಯಲ್ಲೇ ಕೂರಬೇಕೆಂದು ತಿಳಿದು ಕರೆಸಿಕೊಳ್ಳಲು ಹಿಂಜರಿಯುತ್ತಾರೆ.

ಆರೋಗ್ಯ ವಿಮೆಯಲ್ಲಿ ನಾನು ಮೊದಲಿನಿಂದಲೂ ಸರ್ಕಾರಿ ವ್ಯವಸ್ಥೆಯ ವಿಮೆಯನ್ನೇ ಹಿಡಿದಿದ್ದೆ. 30 ವರ್ಷದೊಳಗಿನ ವಿದ್ಯಾರ್ಥಿಗೆ ಅಲ್ಲಿ ಕಡಿಮೆ ದರ. ಸಂಪಾದನೆ ಇಲ್ಲದ ಸಂಗಾತಿ ಮತ್ತು ಮಕ್ಕಳು ಅದೇ ವಿಮೆಯೊಳಗೆ ಹೆಚ್ಚಿನ ದುಡ್ಡಿಲ್ಲದೆ ಸೇರುತ್ತಾರೆ. ಕಡಿಮೆ ಎಂದು ಖಾಸಗಿ ವಿಮೆಗೆ ಹೋಗಿ, ಸರ್ಕಾರಿ ವಿಮೆ ಬೇಡವೆಂದು ಬರೆದುಕೊಟ್ಟರೆ ಓದು ಮುಗಿಯುವವರೆಗೆ ಹಿಂದೆ ಬರಲಾಗದು. ಕುಟುಂಬ ಬರುವುದಿದ್ದರೆ ಈ ಒಂದು ಸಹಿ ಹಾಕುವ ಮೊದಲು ದಯವಿಟ್ಟು ಯೋಚಿಸಿ.

ಕುಟುಂಬದವರ ಪರ್ಮಿಟ್ ವಿದ್ಯಾರ್ಥಿಯ ಪರ್ಮಿಟ್‌ಗಿಂತ ಒಂದು ದಿನವೂ ಮುಂದೆ ಹೋಗುವುದಿಲ್ಲ. ನಮ್ಮ ಮೂವರ ಕಾರ್ಡೂ ಒಂದೇ ದಿನ ಮುಗಿಯುತ್ತಿದ್ದವು, ಅದೂ ನನ್ನ ಥೀಸಿಸ್ ನಡುವೆ. ಮುಗಿಯುವ ಮೊದಲೇ ಮೂವರ ನವೀಕರಣ ಅರ್ಜಿಯನ್ನೂ ಹಾಕಿದೆ. ಕಚೇರಿಯ ಅಪಾಯಿಂಟ್‌ಮೆಂಟ್ ತುಂಬ ತಡವಾಗಿ ಸಿಕ್ಕಿತು. ಆ ನಡುವಿನ ಕಾಲಕ್ಕೆ ಕೊಡುವುದು ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ಕಾಗದ, ಶುಲ್ಕ 13 ಯೂರೋ. ಅದರಲ್ಲಿ ಸೆಕ್ಷನ್ 81ರ ಯಾವ ಉಪವಿಭಾಗಕ್ಕೆ ಗುರುತು ಹಾಕಿದ್ದಾರೆ ನೋಡಿ. ನಾಲ್ಕಕ್ಕೆ ಇದ್ದರೆ ಹಳೆಯ ಪರ್ಮಿಟ್ ಎಲ್ಲ ಹಕ್ಕುಗಳೊಂದಿಗೆ ಮುಂದುವರಿಯುತ್ತದೆ, ಕೆಲಸವೂ ಸೇರಿ. ಊರಿಗೆ ಹೋಗಿ ವಾಪಸ್ ಬರಬಹುದು. ಮೂರಕ್ಕೆ ಇದ್ದರೆ ಇರಬಹುದು ಅಷ್ಟೇ, ಆಚೆ ಹೋದರೆ ಅದರ ಬಲದಿಂದ ಒಳಗೆ ಬರಲಾಗದು. ಆ ಸಮಯದಲ್ಲೇ ನಮ್ಮ ಮಾವನಿಗೆ ಹುಷಾರು ತಪ್ಪಿತು. ಗಂಡನ ಕಾಗದದಲ್ಲಿ ನಾಲ್ಕಕ್ಕೆ ಗುರುತಿದೆ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸಿದೆವು. ಬೇರೆ ದೇಶದಲ್ಲಿ ವಿಮಾನ ಬದಲಿಸುವಾಗ ಆ ಹಾಳೆ ಏನೆಂದು ವಿವರಿಸುವ ಗೋಜು ಬೇಡವೆಂದು ಬೆಂಗಳೂರು–ಫ್ರಾಂಕ್‌ಫರ್ಟ್ ನೇರ ವಿಮಾನವನ್ನೇ ಹಿಡಿದರು.

ಊರಿಗೆ ಹೋಗುವ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಜರ್ಮನಿಯಿಂದ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಪರ್ಮಿಟ್ ತಾನಾಗಿ ರದ್ದಾಗುತ್ತದೆ. ನಮ್ಮವರು ಬಾಣಂತನಕ್ಕೆ ತವರಿಗೆ ಹೋಗುತ್ತಾರೆ, ಪರೀಕ್ಷೆ ಮುಗಿಯಲಿ ಎಂದು ಮಗುವನ್ನು ಅಜ್ಜಿ ಮನೆಯಲ್ಲಿ ಬಿಡುತ್ತಾರೆ. ಹೆಚ್ಚು ಕಾಲ ಬೇಕಾದರೆ ಹೊರಡುವ ಮೊದಲೇ ಕಚೇರಿಯಿಂದ ಬರಹದಲ್ಲಿ ಅವಧಿ ಪಡೆಯಬಹುದು. ಜರ್ಮನಿಯಲ್ಲೇ ಹೆರಿಗೆ ಆದರೆ ಆರು ತಿಂಗಳೊಳಗೆ ಮಗುವಿನ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಒಂದು ವರ್ಷದೊಳಗೆ ನಮ್ಮ ದೂತಾವಾಸ ಅಥವಾ ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಬೇಕು. ಇಬ್ಬರು ವಿದ್ಯಾರ್ಥಿಗಳ ಮಗುವಿಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಜರ್ಮನ್ ಪೌರತ್ವ ಬರುವುದಿಲ್ಲ.

ಸಂಗಾತಿಯಾಗಿ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹೇಳಲೇಬೇಕಾದ್ದು ಒಂದಿದೆ. ಸಾಮಾನ್ಯವಾಗಿ ಜರ್ಮನಿಯಲ್ಲಿ ಮೂರು ವರ್ಷ ದಂಪತಿಯಾಗಿ ಬಾಳಿದ ಮೇಲೆಯೇ ಸೆಕ್ಷನ್ 31ರ ಪ್ರಕಾರ ಸ್ವಂತವಾಗಿ ಇರುವ ಹಕ್ಕು ಸಿಗುತ್ತದೆ. ಆದರೆ ಮನೆಯಲ್ಲಿ ಹಿಂಸೆ ಇದ್ದರೆ ಮೂರು ವರ್ಷ ಕಾಯಬೇಕಿಲ್ಲ, ಅದಕ್ಕೆ ಅದೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. "ನನ್ನಿಂದ ನಿನ್ನ ವೀಸಾ, ಬಿಟ್ಟರೆ ಊರಿಗೆ" ಎಂದು ಯಾರಾದರೂ ಹೆದರಿಸಿದರೆ ಅದು ಪೂರ್ತಿ ನಿಜವಲ್ಲ. ನನ್ನ ಗಂಡ ಬಂದ ದಿನವೇ ಅವರಿಗೂ ಇದನ್ನು ಹೇಳಿದ್ದೆ. ಯಾರ ಕಾರ್ಡಿನ ಮೇಲೆ ಯಾರಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಿರಬೇಕು.

ಓದು ಮುಗಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್ ಸಿಗುತ್ತದೆ. ನನಗೆ ಅದು ಬೇಕಾಗಲಿಲ್ಲ, ಬ್ಲೂ ಕಾರ್ಡ್‌ಗೆ ಸಾಲುವ ಕೆಲಸ ಸಿಕ್ಕಿತು. ಹೊಸದಾಗಿ ಪದವಿ ಮುಗಿಸಿದವರಿಗೆ 2025ರಲ್ಲಿ ವರ್ಷಕ್ಕೆ 43,759.80 ಯೂರೋ ಸಂಬಳ ಸಾಕಿತ್ತು, ಸಾಮಾನ್ಯ ಮಿತಿ 48,300. ಈ ಮಿತಿ ಪ್ರತಿ ವರ್ಷ ಬದಲಾಗುತ್ತದೆ. ಬ್ಲೂ ಕಾರ್ಡ್ ಬಂದ ಮೇಲೆ ಮನೆಯವರಿಗೂ ಅನುಕೂಲ. ಹೊರಗಿರುವ ಆರು ತಿಂಗಳ ಮಿತಿ ಹನ್ನೆರಡು ತಿಂಗಳಾಗುತ್ತದೆ. ಬಿ1 (ಮಧ್ಯಮ ಮಟ್ಟದ) ಜರ್ಮನ್ ಇದ್ದರೆ 21 ತಿಂಗಳಿಗೆ, ಎ1 ಮಾತ್ರ ಇದ್ದರೆ 27 ತಿಂಗಳಿಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಕೇಳಬಹುದು. ನನಗೆ ಪಿಆರ್ ಬಂದ ಮೇಲೆ ಗಂಡನಿಗೂ ದಾರಿ ಇದೆ. ಪರ್ಮಿಟ್ ಸಿಕ್ಕಿ ಮೂರು ವರ್ಷ ಆಗಿರಬೇಕು, ವಾರಕ್ಕೆ 20 ಗಂಟೆಯಾದರೂ ಕೆಲಸ, ಬಿ1 ಸರ್ಟಿಫಿಕೇಟ್ ಇರಬೇಕು. ಮೊದಲ ಎರಡು ತಾನಾಗಿ ಕೂಡುತ್ತಿವೆ. ಅದಕ್ಕೇ ಈಗ ನಾವಿಬ್ಬರೂ ಸಂಜೆಯ ಬಿ1 ತರಗತಿಗೆ ಹೋಗುತ್ತಿದ್ದೇವೆ. ಒಂದು ದಿನ ಅವರು, ಒಂದು ದಿನ ನಾನು, ಮಗಳನ್ನು ನೋಡಿಕೊಳ್ಳಲು ಒಬ್ಬರು ಮನೆಯಲ್ಲಿ.