ಅನಾಲಿಟಿಕ್ಸ್ ಓದುವ ಮುಂಚೆ ಮನೆಯ ಲೆಕ್ಕದ ಪುಸ್ತಕ ತೆಗೆಯಿರಿ

ಪ್ರತಿ ವರ್ಷ ಪದವಿಯ ಫಲಿತಾಂಶ ಬಂದ ವಾರ ಹಾವೇರಿ ಜಿಲ್ಲೆಯಿಂದ ನನಗೆ ನಾಲ್ಕೈದು ಕರೆಗಳು ಬರುತ್ತವೆ. ಗುಮಾಸ್ತರ ಮಗಳಾದ ನಾನು ಬಿ.ಎ. ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೇನೆ ಎಂಬ ಸುದ್ದಿ ಊರ ತುಂಬ ಹಬ್ಬಿದ್ದರ ಫಲ ಇದು. ಈ ಸಲ ಕರೆ ಮಾಡಿದವಳು ಶಿಗ್ಗಾವಿ ಕಡೆಯ ಹುಡುಗಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವಳು. "ಅಕ್ಕಾ, ಬಿಸಿನೆಸ್ ಅನಾಲಿಟಿಕ್ಸ್ ಒಳ್ಳೆಯದೋ, ಡೇಟಾ ಸೈನ್ಸ್ ಒಳ್ಳೆಯದೋ?" ಎಂದು ಕೇಳಿದಳು. ಬಿಸಿನೆಸ್ ಅನಾಲಿಟಿಕ್ಸ್ ಎಂದರೆ ವ್ಯಾಪಾರದ ಲೆಕ್ಕಗಳನ್ನು ಓದಿ ಏನು ಮಾಡಬೇಕೆಂದು ಹೇಳುವ ವಿದ್ಯೆ, ಡೇಟಾ ಸೈನ್ಸ್ ಎಂದರೆ ಅಂಥ ಲೆಕ್ಕಗಳಿಗೆ ಗಣಿತ, ಪ್ರೋಗ್ರಾಮಿಂಗ್ ಹಚ್ಚುವ ವಿದ್ಯೆ. ನಾನು ಎರಡು ಪ್ರಶ್ನೆ ತಿರುಗಿ ಕೇಳಿದೆ. ಪಿಯುಸಿಯಲ್ಲಿ ಗಣಿತ ಇತ್ತೇ? ಮನೆಯಲ್ಲಿ ಯಾವುದಾದರೂ ಲೆಕ್ಕದ ಪುಸ್ತಕ ಇದೆಯೇ? ಮೊದಲನೆಯದಕ್ಕೆ ಇಲ್ಲ ಎಂದಳು. ಎರಡನೆಯದನ್ನು ಯಾಕೆ ಕೇಳಿದೆನೆಂದು ಅವಳಿಗೆ ತಿಳಿಯಲಿಲ್ಲ. ಅವಳಿಗೆ ಅರ್ಧ ಗಂಟೆ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಬ್ಬ ದಲಾಲರ ಅಂಗಡಿಯ ಗುಮಾಸ್ತರು. 2019ರ ಬೇಸಿಗೆಯಲ್ಲಿ, ಯಾವ ಕೋರ್ಸು ಎಂದು ತಲೆ ಕೆಡಿಸಿಕೊಂಡು ಕುಳಿತಿದ್ದ ನನಗೆ ಅವರು ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನ ಪಟ್ಟಿಗಳ ಕಟ್ಟನ್ನು ತಂದು ಕೊಟ್ಟರು. ಪಟ್ಟಿ ಎಂದರೆ ರೈತನಿಗೆ ಕೊಡುವ ಲೆಕ್ಕದ ಚೀಟಿ: ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು, ಕೈಗೆ ಎಷ್ಟು. "ಕಂಪ್ಯೂಟರಿನಲ್ಲಿ ಏರಿಸಿ ನೋಡವ್ವಾ, ನಿನಗೆ ಅದೇ ಬೇಕಲ್ಲ" ಎಂದರು. ಅರ್ಧ ತಮಾಷೆ, ಅರ್ಧ ಪರೀಕ್ಷೆ.

ಎಕ್ಸೆಲ್‌ನಲ್ಲಿ ಏರಿಸುತ್ತ ಹೋದಂತೆ ತೊಡಕುಗಳು ಕಾಣಿಸಿಕೊಂಡವು. ಬಸವರಾಜ, ಬಸಪ್ಪ, ಬಸು ಎಂದು ಮೂರು ಕಡೆ ಬರೆದದ್ದು ಒಬ್ಬನೋ ಮೂವರೋ? ಒಂದು ಚೀಟಿಯಲ್ಲಿ 12 ಚೀಲಕ್ಕೆ 41 ಕಿಲೋ ಎಂದಿತ್ತು. ಮೂರೂವರೆ ಕಿಲೋದ ಚೀಲ ಯಾರು ಹೊಲಿದಾರು? ಅಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಸೊನ್ನೆ ಬಿಟ್ಟಿದೆ, 410" ಎಂದರು. ಮೂರು ದಿನ ಹೋದದ್ದು ಹೀಗೆ ಕಸ ಆರಿಸುವುದರಲ್ಲೇ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ನಾಲ್ಕನೆಯ ದಿನ ಡಬ್ಬಿಗೆ ಒಂದು ಗೆರೆ, ಕಡ್ಡಿಗೆ ಒಂದು ಗೆರೆ ಎಳೆದು ವಾರವಾರದ ದರ ನೋಡಿದೆ. ಒಂದು ವಾರ ಕಡ್ಡಿಯ ಗೆರೆ ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿದಿತ್ತು. ಆವಕ ಹೆಚ್ಚಾಗಿತ್ತೇ ಎಂದು ನೋಡಿದೆ, ಇರಲಿಲ್ಲ. ಅಪ್ಪನನ್ನು ಕೇಳಿದರೆ, ಆ ವಾರ ನಮ್ಮ ಅಂಗಡಿಗೆ ಬಂದ ಕಾಯಿ ಸರಿಯಾಗಿ ಒಣಗಿರಲಿಲ್ಲ, ಹಿಡಿದರೆ ಕೈಗೆ ತೇವ ಹತ್ತುತ್ತಿತ್ತು, ಅದಕ್ಕೇ ಟೆಂಡರಿನಲ್ಲಿ ಒಳ್ಳೆಯ ದರ ಸಿಗಲಿಲ್ಲ ಎಂದರು. ಪಟ್ಟಿಯಲ್ಲಿ ತೇವಾಂಶಕ್ಕೆ ಕಾಲಂ ಇರಲಿಲ್ಲ. ಅದು ಅಪ್ಪನ ಬೆರಳಿನಲ್ಲಿತ್ತು.

ಆ ವಾರ ನನ್ನ ಬಗ್ಗೆ ನನಗೆ ಒಂದು ಸಂಗತಿ ಗೊತ್ತಾಯಿತು. ಸೂತ್ರ ಬರೆಯುವ ಕೆಲಸ ಬಂದಾಗಲೆಲ್ಲ ನಾನು ಡಿಪ್ಲೊಮಾ ಓದುತ್ತಿದ್ದ ತಮ್ಮನನ್ನು ಕೂಗುತ್ತಿದ್ದೆ. ಗೆರೆ ಯಾಕೆ ಇಳಿಯಿತು, ಆ ದಿನ ಯಾರು ಕೊಂಡರು ಎಂದು ಕೇಳಿ ತಿಳಿಯುವಾಗ ಮಾತ್ರ ಊಟದ ಹೊತ್ತೂ ನೆನಪಾಗುತ್ತಿರಲಿಲ್ಲ. ತಮ್ಮನದು ತದ್ವಿರುದ್ಧ. ಮೆಣಸಿನಕಾಯಿ ಏನಾದರೇನು, ಮೂರು ಹೆಸರನ್ನು ಒಂದಾಗಿಸುವ ಸೂತ್ರ ಕೆಲಸ ಮಾಡಿದ ದಿನ ಅವನು ಕುಣಿದಾಡಿದ. ನನ್ನ ತರಹದವರಿಗೆ ಅನಾಲಿಟಿಕ್ಸ್ ಇರುವ ಎಂಬಿಎ, ಅವನ ತರಹದವರಿಗೆ ಎಂಸಿಎ (ಕಂಪ್ಯೂಟರ್ ಅನ್ವಯಗಳ ಸ್ನಾತಕೋತ್ತರ ಪದವಿ) ಅಥವಾ ಡೇಟಾ ಸೈನ್ಸ್‌ನ ಎಂ.ಎಸ್ಸಿ. ಕೌನ್ಸೆಲಿಂಗ್ ಕೇಂದ್ರದವರು ಸಾವಿರಾರು ರೂಪಾಯಿ ಪಡೆದು ಮಾಡಿಸುವ ಅಭಿರುಚಿ ಪರೀಕ್ಷೆಗಿಂತ ಈ ಒಂದು ವಾರವನ್ನು ನಾನು ನಂಬುತ್ತೇನೆ. ನಿಮ್ಮ ಮನೆಯಲ್ಲಿ ಪಟ್ಟಿ ಇಲ್ಲದಿದ್ದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಸ್ವಸಹಾಯ ಸಂಘದ ಕಿರ್ದಿ, ಹಾಲಿನ ಸಂಘದ ಕಾರ್ಡು, ಯಾವುದಾದರೂ ಆಗುತ್ತದೆ. ಅಂತರ್ಜಾಲದಲ್ಲಿ ಸಿಗುವ ತೊಳೆದಿಟ್ಟ ದತ್ತಾಂಶ ಬೇಡ. ಅದರಲ್ಲಿ ಕಸ ಇರುವುದಿಲ್ಲ. ಈ ಕೆಲಸದಲ್ಲಿ ಹೆಚ್ಚಿನ ದಿನಗಳು ಹೋಗುವುದು ಕಸದಲ್ಲೇ.

ಇನ್ನು ಮೊದಲನೆಯ ಪ್ರಶ್ನೆ, ಪಿಯುಸಿಯ ಗಣಿತ. ಎಂಬಿಎಗೆ ಯಾವ ಪದವಿಯಾದರೂ ನಡೆಯುತ್ತದೆ, ಸಾಮಾನ್ಯವಾಗಿ ಶೇ. 50 ಅಂಕ, ಮೀಸಲಾತಿ ಇರುವವರಿಗೆ ಶೇ. 45 ಕೇಳುತ್ತಾರೆ. ಎಂಸಿಎ ಹಾಗಿರಲಿಲ್ಲ. ನಾನು ಅರ್ಜಿ ಹಾಕುವಾಗ ಬಿ.ಎ., ಬಿ.ಕಾಂ. ಓದಿದವರು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು ಎಂದಿತ್ತು, ನನ್ನ ಪಾಲಿಗೆ ಆ ಬಾಗಿಲು ಅಲ್ಲೇ ಮುಚ್ಚಿತು. ಕೇಂದ್ರ ಸರ್ಕಾರದ ತಾಂತ್ರಿಕ ಸಂಸ್ಥೆಗಳಾದ ಎನ್‌ಐಟಿಗಳ ಎಂಸಿಎ ಬೇಕೆಂದರೆ, ನಮ್ಮ ಸುರತ್ಕಲ್ ಸೇರಿ, ನಿಮ್‌ಸೆಟ್ ಎಂಬ ಬೇರೆಯದೇ ಪರೀಕ್ಷೆ. ಅಲ್ಲಿ ಗಣಿತದ ಪಾಲೇ ದೊಡ್ಡದು. ಅರ್ಹತೆಯ ಸಾಲುಗಳನ್ನು ಆಗಾಗ ತಿದ್ದುತ್ತಾರೆ. ಹಾಗಾಗಿ ಸೀನಿಯರ್ ಹೇಳಿದ್ದನ್ನು ಬಿಟ್ಟು ಈ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಓದಿ. ಎಂಸಿಎ 2020-21ರಿಂದ ಎರಡು ವರ್ಷದ್ದಾಗಿದೆ. ಮೂರು ವರ್ಷ ಎಂದು ಹೇಳುವ ಮಾವಂದಿರು ಈಗಲೂ ಇದ್ದಾರೆ.

ಈಗ ನನ್ನ ಪೆದ್ದತನದ ಕಥೆ. 2018ರಲ್ಲಿ ಬಿ.ಎ. ಮುಗಿದ ಕೂಡಲೇ ಒಂದು ಖಾಸಗಿ ಸಂಸ್ಥೆಯ 'ಪೋಸ್ಟ್ ಗ್ರಾಜುಯೇಟ್ ಪ್ರೋಗ್ರಾಂ' ಎಂಬ ಹೆಸರಿಗೆ ಮರುಳಾಗಿ 40,000 ರೂಪಾಯಿ ಮುಂಗಡ ಕಟ್ಟಿದೆ. ಹನ್ನೊಂದು ತಿಂಗಳ ಕೋರ್ಸು. ಮೂರನೆಯ ವಾರ ಪಕ್ಕದಲ್ಲಿ ಕುಳಿತ ಹುಡುಗ ಕೇಳಿದ, "ಇದರ ಡಿಗ್ರಿ ಯಾವ ಯೂನಿವರ್ಸಿಟಿಯದು?" ಯಾವುದರದೂ ಅಲ್ಲ. ಕೊನೆಗೆ ಕೊಡುತ್ತಿದ್ದದ್ದು ಅವರದೇ ಲೆಟರ್‌ಹೆಡ್‌ನ ಪ್ರಮಾಣಪತ್ರ. ಹಣ ವಾಪಸು ಬರಲಿಲ್ಲ. ನನ್ನ ಅಂಕಪಟ್ಟಿಗಳ ಮೂಲ ಪ್ರತಿಗಳನ್ನು ಬಿಡಿಸಿಕೊಳ್ಳಲು ಅಪ್ಪ ಎರಡು ಸಲ ಬಸ್ ಹತ್ತಿ ಬರಬೇಕಾಯಿತು. ಪ್ರವೇಶದ ಹೆಸರಿನಲ್ಲಿ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಉನ್ನತ ಶಿಕ್ಷಣದ ಕೇಂದ್ರ ಆಯೋಗವಾದ ಯುಜಿಸಿ ಅದೇ ವರ್ಷ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಹೇಳಿತು. ನಾನು ಸೇರಿದ್ದು ಯುಜಿಸಿಯ ಲೆಕ್ಕಕ್ಕೇ ಬಾರದ ಜಾಗ!

ಆದ್ದರಿಂದ ಹಣ ಕಟ್ಟುವ ಮುಂಚೆ ಬರಹದಲ್ಲಿ ಕೇಳಿ: ಕೊನೆಗೆ ಕೈಗೆ ಬರುವುದು ಎಂಬಿಎಯೋ, ಪಿಜಿಡಿಎಂ ಎಂಬ ನಿರ್ವಹಣೆಯ ಡಿಪ್ಲೊಮಾವೋ, ಬರೀ ಪ್ರಮಾಣಪತ್ರವೋ? ಎಂಬಿಎ ಕೊಡಲು ವಿಶ್ವವಿದ್ಯಾಲಯ ಬೇಕು, ಅಥವಾ ಸಂಸತ್ತಿನ ಕಾಯ್ದೆಯಿಂದ ಆ ಅಧಿಕಾರ ಪಡೆದ ಐಐಎಂನಂಥ ಸಂಸ್ಥೆ ಬೇಕು. ಸ್ವತಂತ್ರ ಸಂಸ್ಥೆಗಳು ಕೊಡುವುದು ಪಿಜಿಡಿಎಂ. ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಂದ್ರ ಮಂಡಳಿಯಾದ ಎಐಸಿಟಿಇಯ ಮಾನ್ಯತೆ ಇದ್ದರೆ ಅದೇನೂ ಕೀಳಲ್ಲ, ಕೆಲವಂತೂ ಬಹಳ ಒಳ್ಳೆಯವು. ಮುಂದೆ ಪಿಎಚ್‌ಡಿ ಅಥವಾ ಸರ್ಕಾರಿ ನೌಕರಿಯ ಯೋಚನೆ ಇರುವವರು ಮಾತ್ರ ಪದವಿಗೆ ಸಮಾನವೆಂಬ ಮಾನ್ಯತೆ ಅದಕ್ಕಿದೆಯೇ ಎಂದು ನೋಡಿಕೊಳ್ಳಬೇಕು. ಎಐಸಿಟಿಇ ಜಾಲತಾಣದಲ್ಲಿ ಕಾಲೇಜಿನ ಹೆಸರು ಹುಡುಕಲು ಐದು ನಿಮಿಷ ಸಾಕು. ನಾನು ಆ ಐದು ನಿಮಿಷ ಉಳಿಸಿದ್ದೆ.

ಎಂಬಿಎಯೇ ಎಂದು ನಿರ್ಧಾರವಾದ ಮೇಲೆ ನಾಲ್ಕು ಕಾಲೇಜುಗಳ ಪಠ್ಯಕ್ರಮವನ್ನು ಇಳಿಸಿಕೊಂಡು ಮುದ್ರಿಸಿದೆ. ಕೆಂಪು ಪೆನ್ನಿನಿಂದ ಅಂಕಿಅಂಶ, ಡೇಟಾಬೇಸ್, ಪ್ರೋಗ್ರಾಮಿಂಗ್, ಮುನ್ಸೂಚನೆಯ ಪತ್ರಿಕೆಗಳಿಗೆಲ್ಲ ಗುರುತು ಹಾಕಿದೆ. ಒಂದು ಕಾಲೇಜಿನ ಜಾಹೀರಾತಿನಲ್ಲಿ 'ಅನಾಲಿಟಿಕ್ಸ್' ಎಂಬುದು ಕಾಲೇಜಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿತ್ತು. ನಾಲ್ಕು ಸೆಮಿಸ್ಟರಿನಲ್ಲಿ ಕೆಂಪು ಬಿದ್ದದ್ದು ಎರಡೇ ಪತ್ರಿಕೆಗಳಿಗೆ. ಅದರಲ್ಲಿ ಒಂದು ಐಚ್ಛಿಕ. ಐಚ್ಛಿಕ ಎಂದರೆ ಸಾಕಷ್ಟು ವಿದ್ಯಾರ್ಥಿಗಳು ಆರಿಸಿಕೊಂಡರೆ ಮಾತ್ರ ನಡೆಸುತ್ತಾರೆ. ಹಿಂದಿನ ಎರಡು ವರ್ಷ ಅದು ನಡೆಯಿತೇ ಎಂದು ಫೋನ್ ಮಾಡಿ ಕೇಳಿ. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ನೋಡಿ. 'ದತ್ತಾಂಶದ ಮಹತ್ವವನ್ನು ವಿವರಿಸಿ' ಎಂಬ ಹತ್ತು ಅಂಕದ ಪ್ರಶ್ನೆ ಕಂಡರೆ ಅಲ್ಲಿ ಲ್ಯಾಬ್ ಎಷ್ಟು ನಡೆಯುತ್ತದೆ ಎಂಬುದನ್ನು ಊಹಿಸಬಹುದು. ಒಂದು ಕೋಷ್ಟಕ ಕೊಟ್ಟು 'ಅಂಗಡಿ ಮಾಲೀಕ ಏನು ಮಾಡಬೇಕು' ಎಂದು ಕೇಳಿದ್ದರೆ ಪಾಠ ಮಾಡುವವರಿಗೆ ಕಸುಬು ಗೊತ್ತು.

ಪರೀಕ್ಷೆಗಳ ಮಾತು ಚುಟುಕಾಗಿ ಮುಗಿಸುತ್ತೇನೆ. ಕರ್ನಾಟಕದ ಸರ್ಕಾರಿ ಸೀಟಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ: 100 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಂಬಿಎ ಪತ್ರಿಕೆಯಲ್ಲಿ ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ ಮತ್ತು ಲೆಕ್ಕ. ಬಿ.ಎ. ಓದಿದವರಿಗೆ ಸಾಮಾನ್ಯ ಜ್ಞಾನ ಕೈ ಹಿಡಿಯುತ್ತದೆ; ಲೆಕ್ಕಕ್ಕೆ ಎಂಟರಿಂದ ಹತ್ತನೆಯ ತರಗತಿಯ ಪುಸ್ತಕಗಳನ್ನು ತೆಗೆಯಿರಿ, ನಾಚಿಕೆ ಬೇಡ. ನಾನು ತಂಗಿಯ ಒಂಬತ್ತನೆಯ ತರಗತಿಯ ಪುಸ್ತಕದಲ್ಲೇ ಶೇಕಡಾವಾರು ಲೆಕ್ಕ ಮಾಡಿದ್ದು. ಖಾಸಗಿ ಕಾಲೇಜುಗಳಿಗೆ ಕೆಮ್ಯಾಟ್ ಎಂಬ ಪರೀಕ್ಷೆ ಇದೆ. ಐಐಎಂಗಳಿಗೆ ಬೇಕಾದ ಕ್ಯಾಟ್ ನವೆಂಬರ್‌ನಲ್ಲಿ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ, ಬಹು ಆಯ್ಕೆಯ ಪ್ರಶ್ನೆ ತಪ್ಪಿದರೆ ಅಂಕ ಕಳೆಯುತ್ತಾರೆ. ಎಂಜಿನಿಯರಿಂಗ್ ಓದದವರಿಗೆ ಕೆಲವು ಐಐಎಂಗಳು ಆಯ್ಕೆಯ ಹೊತ್ತಿನಲ್ಲಿ ಒಂದಿಷ್ಟು ಹೆಚ್ಚುವರಿ ಅಂಕ ಕೊಡುತ್ತವೆ. ನಮ್ಮ ಕಡೆಯ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ, ಅರ್ಜಿಯನ್ನೂ ಹಾಕುವುದಿಲ್ಲ.

ನೌಕರಿಯ ಅಂಕಿಗಳನ್ನು ಓದುವುದು ಒಂದು ವಿದ್ಯೆ. ಹತ್ತು ಜನರ ತರಗತಿ ಎಂದುಕೊಳ್ಳಿ. ಒಂಬತ್ತು ಜನರಿಗೆ ವರ್ಷಕ್ಕೆ 3.5 ಲಕ್ಷ, ಹತ್ತನೆಯವನು ಮೊದಲೇ ಆರು ವರ್ಷ ಸಾಫ್ಟ್‌ವೇರ್‌ನಲ್ಲಿದ್ದವನು, ಅವನಿಗೆ 24 ಲಕ್ಷ. ಸರಾಸರಿ 5.55 ಲಕ್ಷ ಎಂದು ಫ್ಲೆಕ್ಸ್ ಹಾಕುತ್ತಾರೆ, ಸುಳ್ಳೇನೂ ಅಲ್ಲ. ನೀವು ಕೇಳಬೇಕಾದದ್ದು ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ಬರುವವನ ಸಂಬಳ, ಅಂದರೆ ಮೀಡಿಯನ್: 3.5 ಲಕ್ಷ. ಜೊತೆಗೆ ಇನ್ನೊಂದು: ನಿಮ್ಮ ಹಾಗೆ ಬಿ.ಎ. ಓದಿ, ಅನುಭವವಿಲ್ಲದೆ ಸೇರಿದವರು ಎಲ್ಲಿಗೆ ಹೋದರು? ಅಂಥ ಇಬ್ಬರ ಜೊತೆ ಮಾತನಾಡಿಸಿ ಎಂದು ಕೇಳಿ. ನಾನು ಹೀಗೆ ಕೇಳಿದಾಗ ಒಂದು ಕಾಲೇಜಿನವರು ಮಾತು ಹಾರಿಸಿದರು. ಇನ್ನೊಂದು ಕಾಲೇಜಿನ ಮೇಷ್ಟರು ಅಲ್ಲೇ ಮೂವರಿಗೆ ಫೋನ್ ಹಚ್ಚಿಕೊಟ್ಟರು. ನಾನು ಸೇರಿದ್ದು ಎರಡನೆಯದಕ್ಕೆ.

ಸಾಲದ ಲೆಕ್ಕವನ್ನು ಮನೆಯವರ ಜೊತೆ ಕುಳಿತೇ ಮಾಡಿ. ಶೇ. 10 ಬಡ್ಡಿಯಲ್ಲಿ 5 ಲಕ್ಷ, ಅರ್ಧ ಮೊದಲ ವರ್ಷದ ಆರಂಭಕ್ಕೆ, ಅರ್ಧ ಎರಡನೆಯ ವರ್ಷದ ಆರಂಭಕ್ಕೆ ಎಂದಿಟ್ಟುಕೊಳ್ಳಿ. ಓದುವ ಎರಡು ವರ್ಷ ಮತ್ತು ಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎನ್ನುತ್ತಾರೆ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ 1.25 ಲಕ್ಷ ಸೇರುತ್ತದೆ. 6.25 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಹತ್ತು ಸಾವಿರದ ಮುನ್ನೂರರ ಮೇಲೆ. 3.5 ಲಕ್ಷದ ನೌಕರಿಯಲ್ಲಿ ತಿಂಗಳಿಗೆ 29,000 ಎಂದು ಕಾಣುತ್ತದೆ, ಕಡಿತವಾಗಿ ಕೈಗೆ ಬರುವುದು ಇನ್ನೂ ಕಡಿಮೆ. ಬೆಂಗಳೂರಿನ ಪಿಜಿ ಬಾಡಿಗೆ ಕೊಟ್ಟ ಮೇಲೆ ಮನೆಗೆ ಕಳಿಸಲು ಉಳಿಯುವುದೇನು? ನಮ್ಮ ಅಪ್ಪ ಇದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಮಾತ್ರ ಎಂದು ಅಲ್ಲೇ ತೀರ್ಮಾನವಾಯಿತು. ದುಡಿಯುತ್ತಲೇ ಓದಬೇಕಾದವರಿಗೆ ಇಗ್ನೋದಂಥ ದೂರಶಿಕ್ಷಣವೂ ಇದೆ. ಅಲ್ಲಿ ಕ್ಯಾಂಪಸ್ಸಿಗೆ ಕಂಪನಿಗಳು ಬರುತ್ತವೆ ಎಂದು ಕಾದು ಕುಳಿತುಕೊಳ್ಳುವಂತಿಲ್ಲ, ಅಷ್ಟೇ.

ಸೇರುವ ಮುಂಚಿನ ಎರಡು ತಿಂಗಳು ಖಾಲಿ ಬಿಡಬೇಡಿ. ಅಂತರ್ಜಾಲದಲ್ಲಿರುವ ಸ್ವಯಂ ಮತ್ತು ಎನ್‌ಪಿಟಿಇಎಲ್ ಪಾಠಗಳು ಉಚಿತ. ಮೊದಲು ಅಂಕಿಅಂಶ, ಆಮೇಲೆ ಡೇಟಾಬೇಸಿನಿಂದ ಬೇಕಾದ್ದನ್ನು ತೆಗೆಯುವ ಭಾಷೆ ಎಸ್‌ಕ್ಯೂಎಲ್, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಕೊನೆಗೆ. ಮೊದಲ ತಿಂಗಳು ನಾನು ಹಲಗೆಯ ಮೇಲಿನ ಸಿಗ್ಮಾ ಚಿಹ್ನೆಯನ್ನು ರಂಗೋಲಿಯಂತೆ ನಕಲು ಮಾಡಿಕೊಳ್ಳುತ್ತಿದ್ದೆ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಅಪ್ಪನ ಪಟ್ಟಿಯಿಂದ ಡಬ್ಬಿಯ ಐದು, ಕಡ್ಡಿಯ ಐದು ಲಾಟುಗಳ ದರ ಹಿಡಿದು, ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಎಂದು ಬರೆದು, ವರ್ಗ ಮಾಡಿ, ಕೂಡಿ, ಭಾಗಿಸಿ, ವರ್ಗಮೂಲ ತೆಗೆದೆ. ದರಗಳು ಎಷ್ಟು ಚದುರಿವೆ ಎಂಬುದಕ್ಕೆ ಒಂದೊಂದೇ ಸಂಖ್ಯೆ ಬಂತು. ಸಿಗ್ಮಾ ಎಂದರೆ ಅದೇ. ಡಬ್ಬಿಯದು ಚಿಕ್ಕದು, ಕಡ್ಡಿಯದು ದೊಡ್ಡದು. "ಕಡ್ಡಿಯ ದರ ನಂಬುವ ಹಾಗಿಲ್ಲ" ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು.

ಇತಿಹಾಸ ಓದಿದವರು ತಮಗೇನೂ ಗೊತ್ತಿಲ್ಲ ಎಂದು ಕುಗ್ಗುತ್ತಾರೆ. ಶಾಸನ ಸಿಕ್ಕರೆ ಯಾರು ಬರೆಸಿದರು, ಯಾವಾಗ, ಯಾವ ಉದ್ದೇಶಕ್ಕೆ ಎಂದು ಕೇಳಲು ನಮಗೆ ಕಲಿಸಿರುತ್ತಾರೆ. ನಾನು ಈಗ ಸಾಗಣೆ ಕಂಪನಿಯೊಂದರಲ್ಲಿ ದಿನವೂ ಮಾಡುವುದು ಅದನ್ನೇ. 'ಗ್ರಾಹಕರು ಮನೆಯಲ್ಲಿರಲಿಲ್ಲ' ಎಂದು ದಾಖಲಾದ ಪಾರ್ಸೆಲ್‌ಗಳಲ್ಲಿ ಒಂದು ದೊಡ್ಡ ಪಾಲು ರಾತ್ರಿ ಒಂಬತ್ತರ ಹೊತ್ತಿಗೆ ಒಟ್ಟೊಟ್ಟಿಗೆ ನಮೂದಾಗಿತ್ತು. ಗ್ರಾಹಕರು ಮನೆಯಲ್ಲೇ ಇದ್ದರು. ದಿನದ ಕೊನೆಗೆ ಉಳಿದ ಪಾರ್ಸೆಲ್‌ಗಳಿಗೆ ಹುಡುಗರು ಒತ್ತುತ್ತಿದ್ದ ಗುಂಡಿ ಅದು.

ಶಿಗ್ಗಾವಿಯ ಹುಡುಗಿ ಎಂಟು ದಿನ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದಳು: ಅವಳ ತಾಯಿಯ ಹಾಲಿನ ಸಂಘದ ಕಾರ್ಡು, ದಿನಾಂಕ, ಲೀಟರ್, ಫ್ಯಾಟ್, ರೂಪಾಯಿ. ಕೆಳಗೆ ಬರೆದಿದ್ದಳು: "ಅಕ್ಕಾ, ಎರಡು ತಿಂಗಳದ್ದು ಏರಿಸಿದೆ. ಹತ್ತೊಂಬತ್ತನೆಯ ತಾರೀಖಿನಿಂದ ಫ್ಯಾಟ್ ಇಳಿದಿದೆ. ಅವ್ವ ಮೇವು ಬದಲಿಸಿದ್ದೆ ಎನ್ನುತ್ತಾಳೆ, ಆದರೆ ಪಕ್ಕದ ಮನೆಯವರದೂ ಅದೇ ದಿನ ಇಳಿದಿದೆ. ನಾಳೆ ಇನ್ನೂ ನಾಲ್ಕು ಮನೆಯ ಕಾರ್ಡು ಕೇಳಿ ತರುತ್ತೇನೆ."

ಪಿಜಿಸಿಇಟಿ ಅರ್ಜಿಯ ಕೊನೆಯ ದಿನ ಯಾವುದು ನೋಡಿಕೊಂಡಿದ್ದೀಯಾ ಎಂದು ಮರುಉತ್ತರ ಬರೆದೆ.